ಸಣ್ಣ ದನಿ

ಆಷಾಢದ ಗಾಳಿಗೆ ಕಿಟಕಿಗಳು ಬಡಿದುಕೊಳ್ಳುತ್ತಿದ್ದ ಒಂದು ಬೆಳಿಗ್ಗೆ, ಹತ್ತರ ಗಂಟೆ ಹೊಡೆದ ಮೇಲೆ, ಗೋಕಾಕದ ಕಾಲೇಜಿನಲ್ಲಿ ಇತಿಹಾಸ ಹೇಳುವ ಗಜಾನನ ಸರ್ ಅವರ ಕೈಗೆ ಪ್ರಿನ್ಸಿಪಾಲರು ಅಂಗಿಗೆ ಸಿಕ್ಕಿಸುವ ಸಣ್ಣ ಮೈಕು ಕೊಟ್ಟರು. ಮೇಲವಂಕಿಯಿಂದ ಬರುವ ವಿದ್ಯಾರ್ಥಿನಿ ಭಾಗ್ಯಾಳ ಕಿವಿ ಮಂದ. ಇದರಲ್ಲಿ ಮಾತಾಡಿದರೆ ಅವಳ ಕಿವಿಯ ಮಷೀನಿಗೆ ನೇರ ಮುಟ್ಟುತ್ತದೆ ಎಂದರು.

"ನನಗ ಮೈಕ್ರಿ?" ಸರ್ ನಕ್ಕರು. "ನನ್ನ ದನಿ ಹೊಳಿ ದಾಟತೈತ್ರಿ!"

ಸುಳ್ಳಲ್ಲ. ಅವರಪ್ಪ ಬಯಲಾಟದ ಪಾತ್ರಧಾರಿ. ಕಣದಾಚೆ ಎತ್ತಿನ ಚಕ್ಕಡಿಯಲ್ಲಿ ಕೂತವರಿಗೂ ಕೇಳುವಂತೆ ಹಾಡಿದವರು. ಸರ್ ಮೈಕನ್ನು ಕಿಸೆಗೆ ಹಾಕಿಕೊಂಡು, ಭಾಗ್ಯಾಳ ಸಲುವಾಗಿ ಇನ್ನಷ್ಟು ಗಟ್ಟಿಯಾಗಿ ಪಾಠ ಹೇಳತೊಡಗಿದರು. ಅವಳು ಕಿವಿ ಮುಟ್ಟಿಕೊಂಡರೆ, ಕೇಳಿಸಲಿಲ್ಲವೇನೋ ಎಂದು ಮತ್ತೂ ದನಿ ಏರಿಸಿದರು.

ವಾರ ಕಳೆಯುವುದರೊಳಗೆ ಅವಳ ತಾಯಿ ಹನಮವ್ವ ಮಗಳನ್ನು ಕರೆದುಕೊಂಡು ಬಂದಳು. "ಕಾಲೇಜ್ ಬಿಡಿಸ್ತೀನ್ರಿ. ದಿನಾ ತಲಿ ಹಿಡಕೊಂಡ ಬರ್ತಾಳ."

"ಈಕಿ ಸಲುವಾಗಿನ ಒದರಾಕತ್ತೇನಲ್ಲವಾ ನಾನು!"

"ಒದರಿದ್ರ ಮಷೀನದಾಗ ಬರೇ ಕರಕರ ಅಂತೈತ್ರಿ ಸರ್," ಭಾಗ್ಯಾ ತಲೆ ತಗ್ಗಿಸಿ ಅಂದಳು. "ನನಗ ಕಲೀಬೇಕಂತ ಐತ್ರಿ. ಆ ಮೈಕ್ ಹಾಕ್ಕೊಂಡು, ಮನ್ಯಾಗ ಮಾತಾಡಿದಂಗ ಹೇಳ್ರಿ."

"ನಮ್ಮ ಮನ್ಯಾಗ ಎಲ್ಲಾರೂ ಒದರಾವ್ರ ಅದೀವಿ, ಸರ್‌ಗೆ ಹೇಳಾಕ ಬಂದಾಳ," ಎಂದಳು ಹನಮವ್ವ.

ಸರ್ ನಗಲಿಲ್ಲ. ಆಟ ಮುಗಿದ ಬೆಳಗುಗಳು ನೆನಪಾದವು. ಹಾಡಿ ಹಾಡಿ ದನಿ ಬಿದ್ದ ಅಪ್ಪ ಮುಖದ ಬಣ್ಣ ಕೂಡ ತೊಳೆಯದೆ, ಪುಟ್ಟ ಗಜಾನನನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವನು ನಿದ್ದೆಹೋಗಿ ಕಳೆದುಕೊಂಡ ಕಥೆಯನ್ನೆಲ್ಲ ಮೆಲ್ಲಗೆ ಮತ್ತೆ ಹೇಳುತ್ತಿದ್ದ. ಆ ದನಿ ಇನ್ನೂ ಕಿವಿಯಲ್ಲಿತ್ತು.

ಮರುದಿನ ಮೈಕು ಸಿಕ್ಕಿಸಿಕೊಂಡು ಹಾಗೆಯೇ ಮೆಲ್ಲಗೆ ಪಾಠ ಶುರು ಮಾಡಿದರು.

"ಸರ್, ಕೇಳವಲ್ದ್ರಿ!" ಹಿಂದಿನ ಬೆಂಚಿನವರು ಕೂಗಿದರು.

"ಕೇಳಬೇಕಂದ್ರ ಮುಂದ ಬರ್ರಿ."

ಬಂದರು. ಭಾಗ್ಯಾ ಕಾಲೇಜು ಬಿಡಲಿಲ್ಲ.

ಮಾಘದ ಕಡೆಯ ಶನಿವಾರ ಸರ್ ನಿವೃತ್ತಿ. ಕೊನೆಯ ಪಾಠ ಮುಗಿಸಿ ಹೊರಗೆ ಬಂದು, ಕಂಬ ಹಿಡಿದು ನಿಂತು, ತಮ್ಮಷ್ಟಕ್ಕೆ ಅಂದುಕೊಂಡರು: "ಮುಗೀತಪಾ ಗಜಾನನ. ನಾಳಿಂದ ಯಾರಿಗಿ ಹೇಳ್ತಿ?"

ಒಳಗಿನಿಂದ ಭಾಗ್ಯಾ ಓಡಿಬಂದಳು. "ಸರ್, ಮೈಕ್ ಚಾಲೂ ಐತ್ರಿ."

ಸರ್ ಗಡಬಡಿಸಿ ಅಂಗಿಗೆ ಕೈ ಹಾಕಿದರು.

"ಇರ್ಲಿ ಬಿಡ್ರಿ. ಮೈಕ್ ಗೇಟಿನಾಗ ವಾಚಮನ್ ಕಾಕಾನ ಕೈಯಾಗ ಕೊಡ್ರಿ. ಅಲ್ಲೀತನಕ ಮಾತಾಡ್ಕೋತ ಹೋಗ್ರಿ, ನಾ ಕೇಳ್ತೀನ್ರಿ."

ಆ ಶನಿವಾರ ಗಜಾನನ ಸರ್ ಹಾಗೆಯೇ ಗೇಟಿನ ತನಕ ಹೋದರು. ಖಾಲಿ ಅಂಗಳದಲ್ಲಿ ಒಬ್ಬರೇ, ಕೈ ಆಡಿಸುತ್ತ, ಮಾತಾಡುತ್ತ.