ಮರಿಯ ಕಣ್ಣು

ರಾತ್ರಿಯಿಡೀ ಕುಂಯ್‌ಗುಟ್ಟಿದ ಐದು ತಿಂಗಳ ನಾಯಿಮರಿ ಬೆಳಗ್ಗೆ ಎದ್ದು ನೇರ ಗೋಡೆಗೆ ಡಿಕ್ಕಿ ಹೊಡೆಯಿತು.

“ತಲೆಗೆ ಪೆಟ್ಟು ಬಿದ್ದರೂ ಹೀಗಾಗುತ್ತದೆ, ವಿಷ ತಿಂದರೂ ಆಗುತ್ತದೆ,” ಎಂದರು ಪಶುವೈದ್ಯರು, ರೆಪ್ಪೆ ಬಿಡಿಸಿ ನೋಡುತ್ತ. “ಆದರೆ ಇದು ಸುಟ್ಟ ಗಾಯ. ಯಾರೋ ಕಣ್ಣಿಗೆ ಸುಣ್ಣ ಹಾಕಿದ್ದಾರೆ. ಇನ್ನು ಕಾಣಿಸುವುದಿಲ್ಲ.”

ಸುಣ್ಣದ ಡಬ್ಬಿಯಿಲ್ಲದೆ ಹೊರಗೆ ಕಾಲಿಡದವನು ಆ ಬೀದಿಯಲ್ಲಿ ಒಬ್ಬನೇ, ಎಲೆಯಡಿಕೆಯ ಗುರುಶಾಂತಪ್ಪ. ನಿನ್ನೆ ಸಂಜೆ ಮರಿಯನ್ನು ಎತ್ತಿಕೊಂಡು ನಿಂತಿದ್ದವನೂ ಅವನೇ. ಮರಿಯ ಒಡೆಯ ಅವನನ್ನು ಜಗಲಿಯಿಂದ ಎಳೆದು ಕೆಡವಿ, ಎದೆಯ ಮೇಲೆ ಕೂತು ಗುದ್ದಿದ.

“ಅದರ ಕಣ್ಣಿಗೆ ಏನು ಮಾಡಿದೆ, ಹೇಳು.”

“ನೋಡಿದೆ ಅಷ್ಟೇ, ಮಾರಾಯ. ಎಷ್ಟು ಚೆಂದ ಕಣ್ಣು ಅಂದೆ.”

“ಈಗ ನಿನ್ನದನ್ನು ನೋಡಿಕೋ.”

ಹಲ್ಲುಗಳು ಉದುರಿದವು, ಒಂದು ಕಣ್ಣಿನಿಂದ ರಕ್ತ ಇಳಿಯಿತು. ಆಸ್ಪತ್ರೆಗೆ ಸಾಗಿಸುವಾಗ ಗುರುಶಾಂತಪ್ಪನಿಗೆ ಮಾತು ನಿಂತಿತ್ತು.

ಮನೆಗೆ ಬಂದ ಮಗನ ಕೈಗೆ ನೀರು ಹಾಕುತ್ತ ತಾಯಿ ಸಮಾಧಾನ ಹೇಳಿದಳು:

“ಹೋಗಲಿ ಬಿಡಪ್ಪ. ಅವನ ಹೊಗಳಿಕೆ ತಗುಲಬಾರದೆಂದು ನಾನು ನಿನ್ನೆಯೇ ಅರಿಸಿನ ಸುಣ್ಣ ಕದಡಿ ನಿವಾಳಿಸಿ, ಎರಡು ಕಣ್ಣಿಗೂ ಹಚ್ಚಿ, ಮರಿಗೆ ದೃಷ್ಟಿ ತೆಗೆದಿದ್ದೇನೆ.”