ನೀಲಿ ಬಾಗಿಲು

ನಗರಕ್ಕೊಂದು ಗೇಮಿಂಗ್ ಟವರ್ ಬೇಕೆಂದು ಪುಟ್ಟಬಸವಯ್ಯನ ಮನೆಯಿದ್ದ ಬೀದಿಯನ್ನೇ ಕೆಡವಿದ್ದರು. ಆ ಟವರಿಗೆ ಬಂದ ಕಂಪನಿಯವರಿಗೆ ಹೊಸ ಗೇಮಿಗಾಗಿ ಒಂದು ಹಳೇ ಬೀದಿ ಬೇಕಾಯಿತು. ಬೀದಿ ಹೇಗಿತ್ತೆಂದು ಹೇಳಲು ಅವನನ್ನೇ ಹುಡುಕಿ ತಂದು ಕಂಪ್ಯೂಟರ್ ಮುಂದೆ ಕೂರಿಸಿದರು.

ಮುದುಕ ಬಿಡಲಿಲ್ಲ. ಜಗಲಿ ಇಷ್ಟೆತ್ತರ ಇರಲಿಲ್ಲವೆಂದ, ನಲ್ಲಿ ಎಡಕ್ಕಿತ್ತೆಂದ, ಗೋಡೆಯ ಮೇಲಿನ ಹಲ್ಲಿ ಯಾವ ಕಡೆ ಮುಖ ಮಾಡಿರುತ್ತಿತ್ತೆಂಬುದನ್ನೂ ತಿದ್ದಿಸಿದ.

"ನಮ್ಮನೆ ಬಾಗಿಲು ಇನ್ನೊಸಿ ನೀಲಿ ಮಾಡವ್ವ. ನಮ್ಮವಳು ಸಾಯೋ ವರ್ಷ ಜಗಳ ಆಡಿ ಹೊಡೆಸಿದ ಬಣ್ಣ ಅದು."

"ಅಜ್ಜಿನೂ ಬಾಗಿಲಲ್ಲಿ ನಿಲ್ಲಿಸ್ಲಾ ತಾತ?" ಎಂದಳು ಡಿಸೈನರ್ ಹುಡುಗಿ.

"ಬ್ಯಾಡ ಕಣವ್ವ. ಒಳಗೆ ಸೊಪ್ಪು ಸೋಸ್ತಾವ್ಳೆ ಅಂದ್ಕೋತೀನಿ. ಒಂದ್ಸಲ ಆ ಬಾಗಿಲು ತಟ್ಟೋಕೆ ಬಿಡಿ, ಕೂಲಿ ಗೀಲಿ ಏನೂ ಬ್ಯಾಡ."

"ಗೇಮ್ ಬಿಡುಗಡೆ ದಿನ ಮೊದಲ ಆಟ ನಿಮ್ದೇ ತಾತ."

ಆ ದಿನ ಅವನು ಗಡ್ಡ ಹೆರೆಸಿಕೊಂಡು, ಇಸ್ತ್ರಿ ಅಂಗಿ ತೊಟ್ಟು, ಜೇಬಿನಲ್ಲಿ ಒಂದು ಮೊಳ ಮಲ್ಲಿಗೆ ಇಟ್ಟುಕೊಂಡು ಬಂದ. ಗೋಡೆಯಗಲದ ಪರದೆಯ ಮೇಲೆ ಬೀದಿ ಮೂಡಿತು. ಕೊನೆಯಲ್ಲಿ ನೀಲಿ ಬಾಗಿಲು. ನೆರೆದ ಹುಡುಗರು ಕೇಕೆ ಹಾಕಿದರು.

ಹುಡುಗಿ ಪ್ರೀತಿಯಿಂದ ಅವನ ಕೈಗೆ ಜಾಯ್‌ಸ್ಟಿಕ್ ಇಟ್ಟಳು.

"ಇದನ್ನ ಒತ್ತಿದ್ರೆ ಬುಲ್ಡೋಜರ್ ಹೊರಡುತ್ತೆ ತಾತ. ಯಾರು ಬೇಗ ಬೀದಿ ಕೆಡವ್ತಾರೋ ಅವರೇ ಗೆದ್ದಂಗೆ. ನಿಮ್ಮನೆಯಿಂದ್ಲೇ ಶುರು ಮಾಡಿ."