ಕೊನೆಯ ಕುಳಿ

ದೇಶದ ಗಾಲ್ಫ್ ಚಾಂಪಿಯನ್ ಪಟ್ಟವನ್ನು ಆರು ಸಲ ಗೆದ್ದಿದ್ದ ಬೋಪಯ್ಯನಿಗೆ ಹಿಂದಿನ ವರ್ಷ ಹೃದಯದ ಆಪರೇಷನ್ ಆಗಿತ್ತು. ಇನ್ನು ಆಡಬೇಡಿ ಎಂದು ಡಾಕ್ಟರೂ ಹೆಂಡತಿಯೂ ಹೇಳಿದ್ದರು. ಆದರೂ ಏಳನೆಯ ಸಲ ಗೆಲ್ಲಲೇಬೇಕೆಂದು ಅವನು ಮೈದಾನಕ್ಕೆ ಇಳಿದಿದ್ದ. ಮೊದಲ ಗೆಲುವಿನಿಂದಲೂ ಅವನ ಗಾಲ್ಫ್ ಕೋಲುಗಳ ಚೀಲ ಹೊತ್ತು ನಡೆದಿದ್ದ ಪಿಳ್ಳಪ್ಪ ಇಂದೂ ಹಿಂದೆಯೇ ಬರುತ್ತಿದ್ದ.

ಬಿಸಿಲು ಏರಿತ್ತು. ಒಂದು ಎಲೆಯೂ ಅಲುಗುತ್ತಿರಲಿಲ್ಲ.

“ಸ್ವಲ್ಪ ಕೂತ್ಕೊಂಡು ಹೋಗಣ ಸಾರ್,” ಎಂದ ಪಿಳ್ಳಪ್ಪ.

“ನಂಗೇನೂ ಆಗಿಲ್ಲ ಕಣೋ. ನಡಿ.”

ದಿಬ್ಬ ಹತ್ತುವಾಗ ಮತ್ತೆ ಕೇಳಿದ. “ಎರಡೇ ನಿಮಿಷ ಸಾರ್. ಇಲ್ಲಿ ನೆರಳೈತೆ.”

“ಅಮ್ಮಾವ್ರು ಹೇಳಿ ಕಳಿಸಿದ್ದಾರಾ? ನನ್ನ ಎದೆ ಗಟ್ಟಿಯಾಗಿದೆ ಅಂತ ಹೋಗಿ ಹೇಳು.”

ಪಿಳ್ಳಪ್ಪ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ಹಿಂದೆ ನಡೆದ.

ಕೊನೆಯ ಕುಳಿಗೆ ಬಂದಾಗ ಬೋಪಯ್ಯ ಅಂಗೈಯ ಬೆವರನ್ನು ಪ್ಯಾಂಟಿಗೆ ಒರೆಸಿಕೊಂಡ. ಗೆರೆಯಾಚೆ ನಿಂತಿದ್ದ ಹೆಂಡತಿ ಕಣ್ಣು ಮುಚ್ಚಿಕೊಂಡಳು. ಅವನು ಉಸಿರು ಬಿಗಿಹಿಡಿದು ಚೆಂಡನ್ನು ಮೆಲ್ಲನೆ ತಳ್ಳಿದ. ಅದು ಉರುಳುತ್ತ ಹೋಗಿ, ಅಂಚಿನಲ್ಲಿ ಒಂದು ಸುತ್ತು ಹಾಕಿ ಒಳಗೆ ಬಿತ್ತು.

ಜನ ಕೂಗಿದರು. ಹೆಂಡತಿ ಓಡಿಬಂದು ಅವನ ಎದೆಯ ಮೇಲೆ ಕೈಯಿಟ್ಟು ಅತ್ತಳು. “ಸದ್ಯ, ಏನೂ ಆಗ್ಲಿಲ್ವಲ್ಲ!”

“ಹೇಗಾಗುತ್ತೆ? ಕೂತ್ಕೊಳ್ಳಿ, ಕೂತ್ಕೊಳ್ಳಿ ಅಂತ ಪಿಳ್ಳಪ್ಪ ಬೆಳಗ್ಗೆಯಿಂದ ಕಾವಲು ಕಾದಿದ್ದಾನೆ. ಚೆನ್ನಾಗೇ ಹೇಳಿಕೊಟ್ಟಿದ್ದೀಯ.”

“ನಾನು ಅವರಿಗೆ ಏನೂ ಹೇಳಿಲ್ಲವಲ್ರೀ.”

ಬೋಪಯ್ಯ ತಿರುಗಿ ನೋಡಿದ. ಚೀಲಕ್ಕೆ ಒರಗಿ ಕುಳಿತಿದ್ದ ಪಿಳ್ಳಪ್ಪನ ತೆರೆದ ಕಣ್ಣಿನ ಮೇಲೆ ನೊಣವೊಂದು ನಡೆದಾಡುತ್ತಿತ್ತು.